ನಡುಗುವ ಕೈಗೆ ರಕ್ತಪರೀಕ್ಷೆ ಬರುವ ಮುನ್ನ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ, ಇಲಾಖೆಯ ಹಿರಿಯ ಅಧಿಕಾರಿಗಳಿಗೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್ ನಡೆಸುತ್ತಿರುವ ವೈದ್ಯರಿಗೆ ನಮಸ್ಕಾರಗಳು.

ನಾನು ತುಮಕೂರು ಜಿಲ್ಲೆಯವಳು. 33 ವರ್ಷ ಸರ್ಕಾರಿ ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದು ನಿವೃತ್ತಳಾದೆ. ಎಷ್ಟು ತೋಳುಗಳಿಗೆ ರಬ್ಬರ್ ಪಟ್ಟಿ ಬಿಗಿದಿದ್ದೇನೆ ಅನ್ನುವ ಲೆಕ್ಕ ನನ್ನಲ್ಲಿಲ್ಲ. ಕೈ ನಡುಗುವವರ ತೋಳುಗಳು ಮಾತ್ರ ಚೆನ್ನಾಗಿ ನೆನಪಿವೆ. ಮೆದುಳಿನ ಕೋಶಗಳು ಸವೆದು ನಡುಕ, ಬಿಗಿತ ತರುವ ಪಾರ್ಕಿನ್ಸನ್ ಕಾಯಿಲೆ ಇರುವವರ ಕೈ ಮೇಜಿನ ಮೇಲೆ ಸುಮ್ಮನೆ ಇಟ್ಟಾಗಲೇ ಹೆಚ್ಚು ನಡುಗುತ್ತದೆ. ಹೆಬ್ಬೆರಳೂ ತೋರುಬೆರಳೂ ನಶ್ಯ ತಿಕ್ಕುವ ಹಾಗೆ ಒಂದರ ಮೇಲೊಂದು ಆಡುತ್ತಿರುತ್ತವೆ. ಅಂಥವರ ಅಂಗೈಗೆ ಹತ್ತಿಯ ಉಂಡೆಯೊಂದನ್ನು ಕೊಟ್ಟು, "ಗಟ್ಟಿಯಾಗಿ ಹಿಡ್ಕೊಳ್ಳಿ ಅಜ್ಜಾ" ಅಂದರೆ ನಡುಕ ಅರೆಗಳಿಗೆ ತಗ್ಗುತ್ತದೆ. ಆ ಅರೆಗಳಿಗೆಯಲ್ಲೇ ಸೂಜಿ ನರಕ್ಕೆ ಹೋಗಬೇಕು.

ಟ್ಯೂಬಿಗೆ ರಕ್ತ ಇಳಿಯುವಾಗ ಅವರಲ್ಲಿ ಬಹಳಷ್ಟು ಮಂದಿ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಸಕ್ಕರೆ ಕಾಯಿಲೆ ರಕ್ತದಲ್ಲಿ ಗೊತ್ತಾಗುತ್ತೆ, ಡೆಂಗಿ ಗೊತ್ತಾಗುತ್ತೆ, ಈ ನಡುಕ ಯಾವುದೂಂತ ಯಾಕೆ ಗೊತ್ತಾಗಲ್ಲ ಮೇಡಂ?" ನಾನು ಅಷ್ಟೂ ವರ್ಷ "ಇದಕ್ಕೆ ಟೆಸ್ಟ್ ಇಲ್ಲ, ಡಾಕ್ಟ್ರು ನೋಡಿಯೇ ಹೇಳ್ಬೇಕು" ಅಂತಲೇ ಹೇಳಿ ಕಳಿಸಿದೆ. ಈ ಉತ್ತರ ಇನ್ನು ಬಹಳ ಕಾಲ ನಿಲ್ಲುವುದಿಲ್ಲ. ಜಗತ್ತಿನ ಹತ್ತಾರು ಪ್ರಯೋಗಶಾಲೆಗಳಲ್ಲಿ ಪಾರ್ಕಿನ್ಸನ್ನಿಗೂ ಅದನ್ನು ಹೋಲುವ ಕಾಯಿಲೆಗಳಿಗೂ ರಕ್ತಪರೀಕ್ಷೆ ತಯಾರಾಗುತ್ತಿದೆ. ಅದು ಬಂದಾಗ ನಮ್ಮ ಜನರಿಗೆ ಉಪಯೋಗಕ್ಕೆ ಬರುವಂತೆ ಈಗಲೇ ಮಾಡಬೇಕಾದ ಕೆಲಸವಿದೆ. ಅದನ್ನು ಕೇಳಲೆಂದೇ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ನಮ್ಮ ಮನೆಯ ವಿಷಯ ಹೇಳುತ್ತೇನೆ, ಅದಿಲ್ಲದೆ ನನ್ನ ಮಾತಿಗೆ ಬುಡವಿಲ್ಲ. ನಮ್ಮಪ್ಪ ಊರಿನ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿಯಾಗಿದ್ದವರು. ಕೆಲಸ ಬಿಟ್ಟ ಮೇಲೂ ಮನೆಯ ಕೊಬ್ಬರಿ ಲೆಕ್ಕವನ್ನು ಉದ್ದನೆಯ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಪುಸ್ತಕಗಳನ್ನು ತೆಗೆದು ನೋಡಿದೆ. 2011ರ ಪುಟಗಳಲ್ಲಿ ಅಕ್ಷರ ಅವರೆಕಾಳಿನಷ್ಟು ದುಂಡಗಿದೆ. 2013ಕ್ಕೆ ಬರುವ ಹೊತ್ತಿಗೆ ಸಾಲಿನ ಶುರುವಿಗೆ ದೊಡ್ಡದಾಗಿದ್ದದ್ದು ಕೊನೆಗೆ ಹೋಗುತ್ತಾ ಸಾಸಿವೆಯಷ್ಟಾಗುತ್ತದೆ. ಕಾಯಿಲೆ ಆ ಪುಸ್ತಕದಲ್ಲಿ ನಮಗಿಂತ ಮೊದಲೇ ಬರೆದುಕೊಂಡಿತ್ತು. ನಾವು ಯಾರೂ ಓದಲಿಲ್ಲ.

2014ರಲ್ಲಿ ಒಬ್ಬ ವೈದ್ಯರು ಪಾರ್ಕಿನ್ಸನ್ ಅಂದರು. ಲೆವೊಡೋಪಾ ಮಾತ್ರೆ ಶುರುವಾಯಿತು. ಈ ಮಾತ್ರೆ ನಿಜವಾದ ಪಾರ್ಕಿನ್ಸನ್ ಇರುವವರಿಗೆ ಎಷ್ಟು ಒಳ್ಳೆಯದನ್ನು ಮಾಡುತ್ತದೆಂದು ನಾನೇ ಕಂಡಿದ್ದೇನೆ. ಹಿಡಿದು ನಡೆಸಿಕೊಂಡು ಬಂದವರು ಕೆಲವು ವಾರಗಳ ಮೇಲೆ ಒಬ್ಬರೇ ಬಸ್ಸಿಳಿದು ಬರುತ್ತಿದ್ದರು. ಅಪ್ಪನಿಗೆ ಹಾಗಾಗಲಿಲ್ಲ. ಡೋಸ್ ಹೆಚ್ಚಿಸಿದರು, ಮತ್ತೆ ಹೆಚ್ಚಿಸಿದರು. ರಾತ್ರಿ ಗೋಡೆಯ ಮೇಲೆ ಇಲ್ಲದ ಜನ ಕಾಣಿಸಲು ಶುರುವಾದರು, ನಡಿಗೆ ಮಾತ್ರ ಸುಧಾರಿಸಲಿಲ್ಲ. ನಿಂತಲ್ಲೇ ಮರ ಉರುಳಿದ ಹಾಗೆ ಹಿಂದಕ್ಕೆ ಬೀಳತೊಡಗಿದರು. ಊಟಕ್ಕೆ ಕೂತರೆ ಕೈ ತಟ್ಟೆಯ ಪಕ್ಕ ಇಳಿಯುತ್ತಿತ್ತು, ಮುದ್ದೆ ಸಾರಿನ ಬಟ್ಟಲಿಗೆ ಬದಲು ನೆಲಕ್ಕೆ ತಾಗುತ್ತಿತ್ತು. ಕಣ್ಣು ಮಂದವಾಗಿದೆಯೆಂದು ಎರಡು ಸಲ ಕನ್ನಡಕ ಬದಲಾಯಿಸಿದೆವು. ನಾನಂತೂ, "ಅಪ್ಪಾ, ಸ್ವಲ್ಪ ನೋಡ್ಕೊಂಡು ಊಟ ಮಾಡಿ" ಅಂತ ಎಷ್ಟೋ ಸಲ ಗದರಿದ್ದೇನೆ.

2017ರಲ್ಲಿ ಬೆಂಗಳೂರಿನ ನರರೋಗ ತಜ್ಞರೊಬ್ಬರು ಅಪ್ಪನ ಎದುರು ಕೂತು ಒಂದು ಪೆನ್ನನ್ನು ಮೇಲಕ್ಕೂ ಕೆಳಕ್ಕೂ ಆಡಿಸಿದರು. ಪೆನ್ನು ಕೆಳಗಿಳಿಯಿತು, ಅಪ್ಪನ ಕಣ್ಣು ಇಳಿಯಲಿಲ್ಲ. ಅವರಿಗೆ ಕೆಳಗೆ ನೋಡಲು ಆಗುತ್ತಲೇ ಇರಲಿಲ್ಲ. ಅದು ಪಿಎಸ್‌ಪಿ, ಅಂದರೆ ಪ್ರೋಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ ಇರಬಹುದೆಂದು ಹೇಳಿದರು. ನೋಡಲು ಪಾರ್ಕಿನ್ಸನ್ನಿನ ಹಾಗೆಯೇ ಕಾಣುತ್ತದೆ, ಒಳಗೆ ಕೆಡುವ ಪ್ರೋಟೀನ್ ಬೇರೆ, ಲೆವೊಡೋಪಾಕ್ಕೆ ಹೆಚ್ಚು ಬಗ್ಗುವುದಿಲ್ಲ, ಬೇಗ ಬೀಳಿಸುತ್ತದೆ. ಆ ಸಂಜೆ ಮನೆಗೆ ಬಂದು ಎರಡು ಮಣೆಗಳನ್ನು ಸ್ಟೂಲಿನ ಮೇಲೆ ಪೇರಿಸಿ, ತಟ್ಟೆಯನ್ನು ಅಪ್ಪನ ಕಣ್ಣಿನ ಮಟ್ಟಕ್ಕೆ ತಂದಿಟ್ಟೆವು. ಎಷ್ಟೋ ತಿಂಗಳ ಮೇಲೆ ಅವರು ಚೆಲ್ಲದೆ ಉಂಡರು. ಮೂರು ವರ್ಷ ಮೊದಲೇ ಕಾಯಿಲೆಯ ಹೆಸರು ಸರಿಯಾಗಿ ಗೊತ್ತಾಗಿದ್ದರೆ ಕಾಯಿಲೆ ವಾಸಿಯಾಗುತ್ತಿರಲಿಲ್ಲ ನಿಜ. ಬೇಡದ ಡೋಸ್ ಬೀಳುತ್ತಿರಲಿಲ್ಲ, ಮೆಟ್ಟಿಲ ಮೇಲೆ ಒಬ್ಬರನ್ನೇ ಬಿಡುತ್ತಿರಲಿಲ್ಲ, ಗದರುತ್ತಿರಲಿಲ್ಲ. ಅಪ್ಪ 2020ರಲ್ಲಿ ತೀರಿಕೊಂಡರು.

ಮೊದಲು ನೋಡಿದ ವೈದ್ಯರ ಮೇಲೆ ನನಗೆ ಕೋಪವಿಲ್ಲ. ಈ ಕಾಯಿಲೆಯನ್ನು ಗುರುತಿಸುವುದು ದೊಡ್ಡ ದೊಡ್ಡವರಿಗೂ ಕಷ್ಟ. ಪಾರ್ಕಿನ್ಸನ್ ಎಂದು ಬದುಕಿದ್ದಾಗ ಹೇಳಿಸಿಕೊಂಡಿದ್ದ 100 ಜನರ ಮೆದುಳನ್ನು ಸತ್ತ ಮೇಲೆ ಲಂಡನ್ನಿನಲ್ಲಿ ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದರು. ನಿಜವಾಗಿ ಪಾರ್ಕಿನ್ಸನ್ ಇದ್ದದ್ದು 76 ಜನರಿಗೆ. ಅಮೆರಿಕದ ಅರಿಜೋನಾದವರು 2014ರಲ್ಲಿ ಇನ್ನೂ ಕಠಿಣವಾದ ಲೆಕ್ಕ ಕೊಟ್ಟರು. ಕಾಯಿಲೆ ಶುರುವಾಗಿ 5 ವರ್ಷ ದಾಟದೆ, ಔಷಧಿಗೆ ಬಗ್ಗುತ್ತಿದ್ದ ರೋಗಿಗಳಲ್ಲಿ ವೈದ್ಯರ ಮಾತು ಸರಿಯಾಗಿದ್ದದ್ದು ನೂರಕ್ಕೆ 53. ಪಳಗಿದ ಕಣ್ಣುಗಳಿಗೇ ಹೀಗಾದರೆ, ಒಂದು ಓಪಿಡಿಯಲ್ಲಿ ನೂರು ಜನರನ್ನು ನೋಡುವ ನಮ್ಮ ತಾಲ್ಲೂಕು ವೈದ್ಯರನ್ನು ದೂರಿ ಫಲವೇನು? ಅದಕ್ಕೇ ಒಂದು ಪರೀಕ್ಷೆ ಬೇಕು ಅನ್ನುವುದು.

ಆ ಪರೀಕ್ಷೆ ಎಲ್ಲಿಯವರೆಗೆ ಬಂದಿದೆ ಅನ್ನುವುದನ್ನು ನನಗೆ ತಿಳಿದಷ್ಟು ಬಿಡಿಸಿ ಹೇಳುತ್ತೇನೆ. 1912ರಲ್ಲಿ ಫ್ರಿಟ್ಜ್ ಲೆವಿ ಎಂಬ ವೈದ್ಯ ಪಾರ್ಕಿನ್ಸನ್ ರೋಗಿಗಳ ಮೆದುಳಿನ ಕೋಶಗಳಲ್ಲಿ ಸಣ್ಣ ಉಂಡೆಗಳನ್ನು ಕಂಡರು. ಆ ಉಂಡೆಗಳು ಆಲ್ಫಾ ಸೈನುಕ್ಲಿನ್ ಎಂಬ ಪ್ರೋಟೀನಿನಿಂದ ಆದವೆಂದು ಗೊತ್ತಾಗಿದ್ದು 1997ರಲ್ಲಿ. ಈ ಪ್ರೋಟೀನ್ ನಮ್ಮೆಲ್ಲರ ಮೆದುಳಿನಲ್ಲೂ ಇದೆ. ಪಾರ್ಕಿನ್ಸನ್ನಿನಲ್ಲಿ ಅದು ತನ್ನ ಮಡಿಕೆ ತಪ್ಪುತ್ತದೆ, ಮಡಿಕೆ ತಪ್ಪಿದ್ದು ಪಕ್ಕದ ಒಳ್ಳೆಯದನ್ನೂ ತನ್ನಂತೆ ಮಾಡುತ್ತಾ ಹೋಗುತ್ತದೆ. ಹಾಲಿಗೆ ಹೆಪ್ಪು ಬಿದ್ದಂತೆ. ಈ ಗುಣವನ್ನೇ ಹಿಡಿದು ವಿಜ್ಞಾನಿಗಳು ಪರೀಕ್ಷೆ ಕಟ್ಟಿದ್ದಾರೆ. ಒಳ್ಳೆಯ ಪ್ರೋಟೀನನ್ನು ಸಣ್ಣ ಗುಳಿಗಳಿರುವ ತಟ್ಟೆಗೆ ಹಾಕಿ, ಅದಕ್ಕೆ ರೋಗಿಯ ಬೆನ್ನುಹುರಿಯ ನೀರಿನ ಹನಿ ಸೇರಿಸಿ, ಕುಲುಕುತ್ತಾ ಕಾಯುತ್ತಾರೆ. ಆ ಹನಿಯಲ್ಲಿ ಕೆಟ್ಟ ಪ್ರೋಟೀನಿನ ಒಂದಿಷ್ಟು ಹೆಪ್ಪಿದ್ದರೆ ಇಡೀ ಗುಳಿ ಹೆಪ್ಪಾಗುತ್ತದೆ, ಬೆರೆಸಿದ ಬಣ್ಣ ಹೊಳೆಯುತ್ತದೆ.

2023ರಲ್ಲಿ, ಪಾರ್ಕಿನ್ಸನ್ ಸಂಶೋಧನೆಗೆ ಹಣ ಕೊಡುವ ಅಮೆರಿಕದ ಮೈಕೆಲ್ ಜೆ. ಫಾಕ್ಸ್ ಪ್ರತಿಷ್ಠಾನದ ಬೆಂಬಲದ ದೊಡ್ಡ ಅಧ್ಯಯನವೊಂದು 1,123 ಜನರ ಬೆನ್ನುನೀರಿನಲ್ಲಿ ಇದನ್ನು ಮಾಡಿ ನೋಡಿತು. ಪಾರ್ಕಿನ್ಸನ್ ಇದ್ದವರಲ್ಲಿ ನೂರಕ್ಕೆ ಸುಮಾರು 88 ಮಂದಿಯಲ್ಲಿ ಹೆಪ್ಪು ಸಿಕ್ಕಿತು. ಆರೋಗ್ಯವಂತರಲ್ಲಿ ನೂರಕ್ಕೆ 96 ಮಂದಿಯಲ್ಲಿ ಸಿಗಲಿಲ್ಲ. ಜೀನಿನ ದೋಷವಿಲ್ಲದೆ ಪಾರ್ಕಿನ್ಸನ್ ಬಂದು, ಜೊತೆಗೆ ವಾಸನೆಯ ಶಕ್ತಿಯೂ ಹೋಗಿದ್ದ ರೋಗಿಗಳಲ್ಲಂತೂ ನೂರಕ್ಕೆ 98ರ ಮೇಲೆ ಸಿಕ್ಕಿತು. ಎಲ್‌ಆರ್‌ಆರ್‌ಕೆ2 ಅನ್ನುವ ಒಂದು ಜೀನಿನ ದೋಷದಿಂದ ಕಾಯಿಲೆ ಬಂದವರಲ್ಲಿ ಮಾತ್ರ ಅದು 67ರ ಆಸುಪಾಸಿಗೆ ಇಳಿಯಿತು. ಈ ಕೊನೆಯ ಸಂಖ್ಯೆಯನ್ನು ದಯವಿಟ್ಟು ನೆನಪಿಡಿ, ಮುಂದೆ ಅದಕ್ಕೇ ಮರಳಿ ಬರುತ್ತೇನೆ.

ಬೆನ್ನಿನಿಂದ ನೀರು ತೆಗೆಯುವುದೆಂದರೆ ನಮ್ಮ ಜನ ಹೆದರುತ್ತಾರೆ. ಮೆದುಳುಜ್ವರ ಬಂದ ಮಗುವಿಗೇ ಒಪ್ಪಿಗೆ ಹಾಕಲು ತಂದೆತಾಯಿಗಳ ಕೈ ಬರುವುದಿಲ್ಲ. ಅದಕ್ಕೇ ಎಲ್ಲರ ಕಣ್ಣೂ ರಕ್ತದ ಮೇಲಿದೆ. ಆದರೆ ರಕ್ತದಲ್ಲಿ ಈ ಪ್ರೋಟೀನನ್ನು ಹುಡುಕುವುದು ಎಷ್ಟು ನಾಜೂಕು ಅನ್ನುವುದನ್ನು ಲ್ಯಾಬಿನವಳಾಗಿ ಹೇಳಬಲ್ಲೆ. ರಕ್ತದಲ್ಲಿರುವ ಆಲ್ಫಾ ಸೈನುಕ್ಲಿನ್ನಿನ ನೂರಕ್ಕೆ 99 ಪಾಲು ಇರುವುದು ಕೆಂಪು ರಕ್ತಕಣಗಳಲ್ಲಿ. ಅದಕ್ಕೂ ಮೆದುಳಿಗೂ ಸಂಬಂಧವಿಲ್ಲ. ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದರೆ, ಟ್ಯೂಬನ್ನು ಒರಟಾಗಿ ಕುಲುಕಿದರೆ, ಬಿಸಿಲಿನಲ್ಲಿ ಬೈಕಿನ ಡಿಕ್ಕಿಯಲ್ಲಿ ಒಯ್ದರೆ ಆ ಕಣಗಳು ಒಡೆಯುತ್ತವೆ. ರಕ್ತವನ್ನು ಗಿರಗಿರನೆ ತಿರುಗಿಸಿ ಬೇರ್ಪಡಿಸುವ ಸೆಂಟ್ರಿಫ್ಯೂಜಿನಿಂದ ತೆಗೆದಾಗ, ಒಣಹುಲ್ಲಿನ ಬಣ್ಣದಲ್ಲಿರಬೇಕಾದ ಸೀರಮ್, ಅಂದರೆ ಮೇಲೆ ನಿಲ್ಲುವ ತಿಳಿ, ರೋಜಾ ಬಣ್ಣಕ್ಕೆ ತಿರುಗಿರುತ್ತದೆ. ಸಾಮಾನ್ಯ ಪರೀಕ್ಷೆಯಲ್ಲಿ ಇದರಿಂದ ಪೊಟ್ಯಾಸಿಯಮ್ ಏರುಪೇರಾಗುತ್ತದೆ, ಇನ್ನೊಮ್ಮೆ ರಕ್ತ ತೆಗೆಯುತ್ತೇವೆ. ಸೈನುಕ್ಲಿನ್ ಅಳೆಯುವಲ್ಲಿ ಅಂಥ ಒಂದು ರೋಜಾ ಟ್ಯೂಬು ಇಡೀ ಲೆಕ್ಕವನ್ನೇ ಕೆಡಿಸಬಲ್ಲದು. ಹಾಗಾಗಿಯೇ ರಕ್ತದಲ್ಲಿ ಅದರ ಒಟ್ಟು ಪ್ರಮಾಣ ಅಳೆದ ಹಳೆಯ ಅಧ್ಯಯನಗಳು ಒಂದಕ್ಕೊಂದು ತಾಳೆಯಾಗಲಿಲ್ಲ.

ಪ್ರಮಾಣ ಬಿಟ್ಟು ಹೆಪ್ಪನ್ನೇ ಹುಡುಕಿದವರಿಗೆ ದಾರಿ ಕಾಣುತ್ತಿದೆ. ಟೋಕಿಯೋದ ಜುಂಟೆಂಡೊ ವಿಶ್ವವಿದ್ಯಾಲಯದವರು 2023ರಲ್ಲಿ ಸೀರಮ್ಮಿನಿಂದಲೇ ಆ ಹೆಪ್ಪನ್ನು ಹಿಡಿದು ಬೆಳೆಸಿ ತೋರಿಸಿದರು. ಪಾರ್ಕಿನ್ಸನ್ನಿನದಕ್ಕೂ, ಅದನ್ನೇ ಹೋಲುವ ಎಂಎಸ್‌ಎ, ಅಂದರೆ ಮಲ್ಟಿಪಲ್ ಸಿಸ್ಟಮ್ ಅಟ್ರೊಫಿ ಕಾಯಿಲೆಯದಕ್ಕೂ ಎಳೆಗಳ ಆಕಾರ ಬೇರೆ ಬೇರೆಯಾಗಿತ್ತು. ಲಂಡನ್ ಮತ್ತು ಜರ್ಮನಿಯ ಗೊಟಿಂಗನ್‌ನ ತಂಡಗಳು 2024ರಲ್ಲಿ ರಕ್ತದ 8 ಪ್ರೋಟೀನುಗಳನ್ನು ಒಟ್ಟಿಗೆ ಅಳೆದು, ನಡುಕ ಕಾಣಿಸುವ 7 ವರ್ಷ ಮುಂಚೆಯವರೆಗೂ ಸುಳಿವು ಸಿಗಬಹುದೆಂದು ಬರೆದವು. ಅವರು ಹಿಂಬಾಲಿಸಿದ್ದು ನಿದ್ದೆಯಲ್ಲಿ ಕನಸಿನ ಜೊತೆ ಕೈಕಾಲು ಬೀಸುವ, ಕೂಗಾಡುವ ತೊಂದರೆಯಿದ್ದ 72 ಜನರನ್ನು. ಅಂಥವರಲ್ಲಿ ಅನೇಕರಿಗೆ ಮುಂದೆ ಪಾರ್ಕಿನ್ಸನ್ ಬರುವುದುಂಟು. ಸಂತೋಷದ ಸುದ್ದಿಯೇ. ಆದರೂ 72 ಜನ, ಅದೂ ಯುರೋಪಿನವರು.

ನನ್ನ ಅಪ್ಪನಂಥವರಿಗೆ ಬೇಗ ಸಿಗಬಹುದಾದ ಪರೀಕ್ಷೆ ಮತ್ತೊಂದಿದೆ. ನ್ಯೂರೋಫಿಲಮೆಂಟ್ ಲೈಟ್ ಅಂತ ಅದರ ಹೆಸರು. ನರಕೋಶದ ಉದ್ದನೆಯ ಎಳೆಗೆ ಒಳಗಿನಿಂದ ಆಸರೆಯಾಗಿರುವ ಪ್ರೋಟೀನ್ ಅದು. ನರ ಹಾಳಾದಾಗ ಸ್ವಲ್ಪ ಸ್ವಲ್ಪವೇ ರಕ್ತಕ್ಕೆ ಸೋರುತ್ತದೆ. ಸ್ವೀಡನ್ ಮತ್ತು ಲಂಡನ್ನಿನ ರೋಗಿಗಳ ಮೇಲೆ ಮಾಡಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಿಎಸ್‌ಪಿ ಮತ್ತು ಎಂಎಸ್‌ಎ ಇರುವವರ ರಕ್ತದಲ್ಲಿ ಇದು ಪಾರ್ಕಿನ್ಸನ್ ಇರುವವರಿಗಿಂತ ಎದ್ದು ಕಾಣುವಷ್ಟು ಹೆಚ್ಚಿತ್ತು. 2014ರಲ್ಲಿ ಅಪ್ಪನ ರಕ್ತದಲ್ಲಿ ಇದನ್ನು ಅಳೆಯಲು ಆಗಿದ್ದರೆ, "ಇದು ಬರೀ ಪಾರ್ಕಿನ್ಸನ್ ಅಲ್ಲದೆಯೂ ಇರಬಹುದು" ಎಂದು ಯಾರಾದರೂ ಅಂದೇ ಆ ಪೆನ್ನನ್ನು ಕೆಳಗಿಳಿಸಿ ನೋಡುತ್ತಿದ್ದರೇನೋ.

ಇಲ್ಲಿ ಅಪ್ಪನ ಲ್ಯಾಕ್ಟೋಮೀಟರ್ ನೆನಪಾಗುತ್ತದೆ. ಬೆಳಗಿನ ಜಾವ ಸಂಘದ ಜಗುಲಿಯಲ್ಲಿ ಅದನ್ನು ಹಾಲಿಗೆ ಬಿಟ್ಟು, ನಿಲ್ಲುವವರೆಗೆ ಕಾದು, ಕಣ್ಣನ್ನು ಹಾಲಿನ ಮಟ್ಟಕ್ಕೆ ತಂದು ಓದುತ್ತಿದ್ದರು. ನನಗೆ ಅಳತೆಯ ಮೊದಲ ಪಾಠ ಹೇಳಿದ್ದು ಅವರೇ. "ಇದು ಹಾಲು ಎಷ್ಟು ಗಟ್ಟಿ ಅಂತ ಹೇಳುತ್ತಮ್ಮ, ಅದು ಯಾಕೆ ತೆಳುವಾಯ್ತು ಅಂತ ಹೇಳಲ್ಲ. ಕೆನೆ ತೆಗೆದು ಆಮೇಲೆ ನೀರು ಹಾಕಿದವನ ಹಾಲಿನಲ್ಲಿ ಇದು ಸರಿಯಾಗೇ ತೇಲುತ್ತೆ. ಎಮ್ಮೆ ಹಾಲಿಗೆ ಬೇರೆ ಲೆಕ್ಕ, ಹಸುವಿನ ಹಾಲಿಗೆ ಬೇರೆ ಲೆಕ್ಕ." ನ್ಯೂರೋಫಿಲಮೆಂಟ್ ಕೂಡ ಹಾಗೆಯೇ. ನರಕ್ಕೆ ಪೆಟ್ಟು ಬಿದ್ದಿದೆ ಅನ್ನುತ್ತದೆ, ಯಾವ ಕಾಯಿಲೆಯಿಂದ ಅನ್ನುವುದಿಲ್ಲ. ಪಾರ್ಶ್ವವಾಯು ಆದವರಲ್ಲಿ ಏರುತ್ತದೆ, ತಲೆಗೆ ಪೆಟ್ಟಾದರೆ ಏರುತ್ತದೆ, ವಯಸ್ಸಾಗುತ್ತಾ ತಾನಾಗಿಯೇ ಏರುತ್ತದೆ, ಕಿಡ್ನಿ ಸೋತವರಲ್ಲಿ ಏರುತ್ತದೆ. ನಮ್ಮ ಲ್ಯಾಬಿಗೆ ಬರುತ್ತಿದ್ದ 60 ದಾಟಿದವರಲ್ಲಿ ಸಕ್ಕರೆ ಕಾಯಿಲೆಯೂ ಇಲ್ಲದ, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಕೂಡ ಸರಿಯಿರುವ ಟ್ಯೂಬು ಸಿಗುವುದೇ ಅಪರೂಪವಾಗಿತ್ತು. ಸ್ವೀಡನ್ನಿನ ಆರೋಗ್ಯವಂತರನ್ನು ಇಟ್ಟುಕೊಂಡು, ಇಷ್ಟರ ಮೇಲಿದ್ದರೆ ಹೆಚ್ಚು ಅಂತ ಹಾಕಿದ ಗೆರೆ ಇವರಿಗೆ ಹೊಂದುತ್ತದೆಂದು ಯಾರು ಖಾತ್ರಿ ಕೊಡುತ್ತಾರೆ?

ಇದು ಬರೀ ನನ್ನ ಊಹೆಯ ಭಯವಲ್ಲ. ಕಳೆದ ವರ್ಷ ನಮ್ಮ ಬೀದಿಯ ಹುಡುಗನೊಬ್ಬ ತನ್ನ ತಾಯಿಯ ರಿಪೋರ್ಟನ್ನು ಮೊಬೈಲಿನಲ್ಲಿ ತೋರಿಸಿದ. ನಗರದ ಒಂದು ಖಾಸಗಿ ಲ್ಯಾಬಿನವರು ಮನೆಗೇ ಬಂದು ರಕ್ತ ತೆಗೆದು, "ಬ್ರೈನ್ ಪ್ಯಾಕೇಜ್" ಅಂತ ಸಾವಿರಾರು ರೂಪಾಯಿ ಇಸಿದುಕೊಂಡಿದ್ದರು. ನ್ಯೂರೋಫಿಲಮೆಂಟ್ ಎದುರಿಗೆ ಕೆಂಪಕ್ಷರದಲ್ಲಿ ಹೆಚ್ಚು ಅಂತ ಗುರುತು. ಆ ತಾಯಿಗೆ 14 ವರ್ಷದ ಸಕ್ಕರೆ ಕಾಯಿಲೆ, ಕಿಡ್ನಿಯೂ ಅರ್ಧ ಸೋತಿದೆ. ಇದ್ದ ನಡುಕ ಥೈರಾಯ್ಡ್ ಮಾತ್ರೆಯ ಡೋಸ್ ಹೆಚ್ಚಾದದ್ದರಿಂದ ಅಂತ ಆಮೇಲೆ ಗೊತ್ತಾಯಿತು, ಡೋಸ್ ಇಳಿಸಿದ ಮೇಲೆ ನಿಂತಿತು. ಆದರೆ ನಡುವಿನ ಎರಡು ತಿಂಗಳು ಆಕೆ ತನಗೆ ಮೆದುಳು ಕರಗುವ ಕಾಯಿಲೆ ಬಂದಿದೆಯೆಂದು ಊಟ ಬಿಟ್ಟಿದ್ದರು.

ನಾನು ಇದನ್ನು ಬರೆಯುವ ಹೊತ್ತಿಗೆ ಪಾರ್ಕಿನ್ಸನ್ ಇದೆ ಅಥವಾ ಇಲ್ಲ ಎಂದು ಹೇಳಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿದ ರಕ್ತಪರೀಕ್ಷೆ ಒಂದೂ ಇಲ್ಲ. ಅಲ್ಜೈಮರ್ಸ್‌ಗೆ 2025ರ ಮೇ ತಿಂಗಳಿನಲ್ಲಿ ಅಂಥ ಒಂದಕ್ಕೆ ಒಪ್ಪಿಗೆ ಸಿಕ್ಕಿದೆ, ಅದೂ ಮರೆವಿನ ಲಕ್ಷಣವಿದ್ದು ತಜ್ಞರ ಬಳಿ ಹೋದವರಿಗೆ ಮಾತ್ರ. ಆ ಸುದ್ದಿಯ ಬಿಸಿಯಲ್ಲೇ ಪಾರ್ಕಿನ್ಸನ್ನಿನ ಹೆಸರಲ್ಲೂ ಪ್ಯಾಕೇಜುಗಳು ಹಳ್ಳಿಗೆ ಬರುತ್ತವೆ. ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಬೆನ್ನುನೀರಿನ ಪರೀಕ್ಷೆಯಷ್ಟೇ ನಿಖರವಾದ ರಕ್ತಪರೀಕ್ಷೆಯೊಂದು ಬಂತು, ಅದನ್ನು ಕ್ಯಾಂಪ್ ಹಾಕಿ 60 ದಾಟಿದ 1,000 ಜನರಿಗೆ ಮಾಡಿದೆವು ಅಂದುಕೊಳ್ಳಿ. ಮುಂದುವರಿದ ದೇಶಗಳ ಲೆಕ್ಕದಂತೆ ಆ ವಯಸ್ಸಿನ ನೂರರಲ್ಲಿ ಸುಮಾರು ಒಬ್ಬರಿಗೆ ಪಾರ್ಕಿನ್ಸನ್ ಇರುತ್ತದೆ, ಅಂದರೆ 10 ಜನ. ಪರೀಕ್ಷೆ ಅವರಲ್ಲಿ 9 ಜನರನ್ನು ಹಿಡಿಯುತ್ತದೆ. ಜೊತೆಗೆ ಕಾಯಿಲೆ ಇಲ್ಲದ 990 ಜನರಲ್ಲಿ 37 ಜನರಿಗೂ ಇದೆ ಅನ್ನುತ್ತದೆ. ಆ 37 ಮನೆಗಳಿಗೆ ಯಾರು ಹೋಗಿ ಸಮಾಧಾನ ಹೇಳಬೇಕು? ಬರುವುದನ್ನು ತಡೆಯುವ ಔಷಧಿ ಇದ್ದಿದ್ದರೆ ಬೇರೆ ಮಾತು, ಅದು ಇನ್ನೂ ಬಂದಿಲ್ಲ. ಹಾಗಾಗಿ ಈ ಪರೀಕ್ಷೆಗಳು ನಡುಕವೋ ಬಿಗಿತವೋ ಬೀಳುವುದೋ ಇದ್ದು ವೈದ್ಯರ ಮುಂದೆ ಕೂತವರಿಗಷ್ಟೇ ಸಲ್ಲಬೇಕು. ವೈದ್ಯರ ಚೀಟಿಯಿಲ್ಲದೆ, ಪ್ಯಾಕೇಜಿನಲ್ಲಿ ಸೇರಿಸಿ ಮಾರುವುದನ್ನು ನಮ್ಮ ರಾಜ್ಯದ ಮಟ್ಟಿಗಾದರೂ ಸುತ್ತೋಲೆ ಹೊರಡಿಸಿ ನಿಲ್ಲಿಸಿ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಿಂದ ನಿಮ್ಮ ಕೈಯಲ್ಲಿದೆ, ಲ್ಯಾಬುಗಳೂ ಅದರೊಳಗೆ ಬರುತ್ತವೆ.

ಈಗ ಆ 67ರ ಲೆಕ್ಕಕ್ಕೆ ಬರುತ್ತೇನೆ. ಒಂದೇ ಪರೀಕ್ಷೆ, ಒಂದೇ ಕಾಯಿಲೆಯ ಹೆಸರು, ಆದರೂ ಜೀನು ಬದಲಾದರೆ ಪರೀಕ್ಷೆಯ ಕಣ್ಣೂ ಮಂಜಾಗುತ್ತದೆ. ಎಲ್‌ಆರ್‌ಆರ್‌ಕೆ2 ಜೀನಿನ ಅತಿ ಹೆಸರಾದ ದೋಷ ಉತ್ತರ ಆಫ್ರಿಕಾದ ಅರಬರಲ್ಲೂ ಅಶ್ಕೆನಾಜಿ ಯಹೂದಿಗಳಲ್ಲೂ ಹೆಚ್ಚು, ಭಾರತೀಯರಲ್ಲಿ ತೀರಾ ಅಪರೂಪ. ಮುಂಬೈಯ ಪಾರ್ಸಿಗಳಲ್ಲಿ 1980ರ ದಶಕದಲ್ಲಿ ಮನೆಮನೆ ಎಣಿಸಿದಾಗ ಲಕ್ಷಕ್ಕೆ 328 ಜನರಲ್ಲಿ ಪಾರ್ಕಿನ್ಸನ್ ಸಿಕ್ಕಿತ್ತು. ದೇಶದ ಬೇರೆಡೆಯ ಎಣಿಕೆಗಳಲ್ಲಿ ಅದರ ಹತ್ತಿರಕ್ಕೂ ಬರಲಿಲ್ಲ. ಒಂದೇ ದೇಶದೊಳಗೇ ಇಷ್ಟು ವ್ಯತ್ಯಾಸವಿದೆ. ನಮ್ಮಲ್ಲಿ ಹತ್ತಿರದ ಸಂಬಂಧದಲ್ಲಿ, ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಮನೆಗಳು ಇನ್ನೂ ಇವೆ. ತಂದೆತಾಯಿ ಇಬ್ಬರಿಂದಲೂ ಬಂದರಷ್ಟೇ ಕಾಣಿಸುವ ಜೀನಿನ ದೋಷಗಳಿಗೆ ಅಂಥಲ್ಲಿ ದಾರಿ ಹೆಚ್ಚು. ಹೀಗಿರುವಾಗ ನಮ್ಮ ಜನರ ರಕ್ತ ಸೇರದೆ ತಯಾರಾದ ಪರೀಕ್ಷೆ ನಾಳೆ ನಮ್ಮ ಜಿಲ್ಲಾ ಆಸ್ಪತ್ರೆಗೆ ಬಂದರೆ, ಅದು ಹೇಳುವುದು ನಮ್ಮವರ ವಿಷಯದಲ್ಲಿ ಎಷ್ಟು ನಿಜವೆಂದು ತಿಳಿಯಲು ದಾರಿಯೇ ಇರುವುದಿಲ್ಲ.

ಸ್ವಾಮಿ, ನಾನು ಕೇಳುತ್ತಿರುವುದು ಮುಖ್ಯವಾಗಿ ಇದನ್ನೇ. ಪರೀಕ್ಷೆ ಬರುವ ಮೊದಲೇ ನಮ್ಮ ಜನರ ರಕ್ತ ಅದರ ತಯಾರಿಯಲ್ಲಿ ಸೇರಲಿ. ಇದಕ್ಕೆ ಬೇಕಾದ್ದು ಬಹುಪಾಲು ನಮ್ಮಲ್ಲೇ ಇದೆ. ನಿಮ್ಹಾನ್ಸ್ ಇದೆ, ದಾನವಾಗಿ ಬಂದ ಮೆದುಳುಗಳನ್ನು ಸಂಶೋಧನೆಗೆ ಕಾಯ್ದಿಡುವ ಮೆದುಳು ಬ್ಯಾಂಕ್ ಅಲ್ಲಿ 1995ರಿಂದ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಂಗಳದ ಮೆದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ, 45 ದಾಟಿದ 10,000 ಜನರನ್ನು ವರ್ಷಾನುಗಟ್ಟಲೆ ಹಿಂಬಾಲಿಸುವ ಗುರಿಯಿಟ್ಟುಕೊಂಡು ರಕ್ತ, ಸ್ಕ್ಯಾನಿಂಗ್, ನೆನಪಿನ ಪರೀಕ್ಷೆ ಎಲ್ಲ ಮಾಡುತ್ತಿದ್ದಾರೆ. ಮಾವಿನ ತೋಟದ ರೈತರು, ಕೂಲಿಯವರು ಬೆಂಗಳೂರಿಗೆ ಬಂದು ಯಂತ್ರದೊಳಗೆ ಮಲಗಲು ಒಪ್ಪಿದ್ದಾರೆ. ನಮ್ಮ ಜನ ಸಂಶೋಧನೆಗೆ ಬರುವುದಿಲ್ಲ ಅನ್ನುವ ಮಾತನ್ನು ಇನ್ನು ಯಾರೂ ಆಡಬಾರದು, ಸರಿಯಾಗಿ ಕೇಳಿದರೆ ಬರುತ್ತಾರೆ. 2022ರಲ್ಲಿ ಸರ್ಕಾರವೇ ನಿಮ್ಹಾನ್ಸ್ ಜೊತೆ ಸೇರಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಶುರು ಮಾಡಿತು. ತಲೆನೋವು, ಮೂರ್ಛೆ, ಪಾರ್ಶ್ವವಾಯು, ಮರೆವಿಗೆ ಅಲ್ಲಿ ಹೆಚ್ಚು ಒತ್ತು. ನಡುಕ, ಬಿಗಿತ, ಬೀಳುವಿಕೆಯವರಿಗೂ ಅಲ್ಲೊಂದು ದಿನ ಇಡಿ. ಬಂದವರಲ್ಲಿ ಒಪ್ಪಿದವರ ರಕ್ತವನ್ನು ಸರಿಯಾಗಿ ತೆಗೆದು, ಬೇರ್ಪಡಿಸಿ, ಮೈನಸ್ 80 ಡಿಗ್ರಿಯಲ್ಲಿ ಇಡಿ. ವರ್ಷಕ್ಕೊಮ್ಮೆ ಅವರನ್ನೇ ಮತ್ತೆ ಕರೆದು ನೋಡಿ.

ಮೈನಸ್ 80 ಅಂದಾಗ ಕರೆಂಟಿನ ವಿಷಯ ಹೇಳಲೇಬೇಕು. ನಮ್ಮಲ್ಲಿದ್ದದ್ದು ಮೈನಸ್ 20ರ ಒಂದು ಫ್ರೀಜರ್. ಬೇಸಿಗೆಯ ಒಂದು ಭಾನುವಾರ ಕರೆಂಟು ಹೋಗಿ, ಜನರೇಟರಿನ ಡೀಸೆಲ್ ಮುಗಿದು, ಸೋಮವಾರ ಬಾಗಿಲು ತೆಗೆದರೆ ಟ್ಯೂಬುಗಳೆಲ್ಲ ನೀರಿನಲ್ಲಿ ತೇಲುತ್ತಿದ್ದವು. ಮೇಲೆ ಪೆನ್ನಿನಲ್ಲಿ ಬರೆದಿದ್ದ ಹೆಸರುಗಳೂ ಅಳಿಸಿಹೋಗಿದ್ದವು. ಅಂದು ಚೆಲ್ಲಿದ ಟ್ಯೂಬುಗಳಲ್ಲಿ ಯಾರ ಯಾರ ರಕ್ತವಿತ್ತೋ ಅವರಿಗೆಲ್ಲ ನಾನು ಇಂದಿಗೂ ಸಾಲಗಾರಳು ಅನ್ನಿಸುತ್ತದೆ. ಫ್ರೀಜರ್ ಕೊಡುವಾಗ ಅದರ ಹಿಂದೆ ಎರಡನೆಯ ಕರೆಂಟನ್ನೂ, ಅದನ್ನು ರಾತ್ರಿ ನೋಡಿಕೊಳ್ಳುವ ಒಬ್ಬ ಮನುಷ್ಯನನ್ನೂ ಕೊಡಿ. ಒಪ್ಪಿಗೆ ಪತ್ರವನ್ನು ಓದಿದರೆ ಅರ್ಥವಾಗುವ ಕನ್ನಡದಲ್ಲಿ ಬರೆಸಿ. ರೋಗಿ ಎಂದಿನ ಮಾತ್ರೆ ತೆಗೆದುಕೊಂಡ ಹೊತ್ತನ್ನು ಟ್ಯೂಬಿನ ಜೊತೆ ಬರೆಯಲು ಟೆಕ್ನಿಷಿಯನ್ನರಿಗೆ ಕಲಿಸಿ. ಪಾರ್ಕಿನ್ಸನ್ನಿನ ಸುಳಿವಾಗಿ ಹೊಸದಾಗಿ ಹೆಸರಾಗುತ್ತಿರುವ ಡೋಪಾ ಡಿಕಾರ್ಬಾಕ್ಸಿಲೇಸ್ ಎಂಬ ಪ್ರೋಟೀನಿನ ಪ್ರಮಾಣ ಪಾರ್ಕಿನ್ಸನ್ ಮಾತ್ರೆಯಿಂದಲೇ ಬದಲಾಗುತ್ತದೆ. ಆ ಒಂದು ಸಾಲು ಬರೆಯದಿದ್ದರೆ ಸ್ಯಾಂಪಲ್ ಇದ್ದೂ ಇಲ್ಲದಂತೆ.

ಹೊಸ ಪರೀಕ್ಷೆಗೆ ಕಾಯದೆ ಇವತ್ತೇ ಆಗುವ ಕೆಲಸವೂ ಇದೆ. ಎಷ್ಟೋ ನಡುಕಗಳು ಔಷಧಿಯಿಂದಲೇ ಬಂದವು. ಗ್ಯಾಸಿನ ಕ್ಯಾಪ್ಸೂಲಿನಲ್ಲಿ ಸೇರಿರುವ ಲೆವೊಸಲ್ಪಿರೈಡ್, ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ಅರೆತಲೆನೋವಿಗೆ ಕೊಡುವ ಫ್ಲುನಾರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ಇವನ್ನು ವಯಸ್ಸಾದವರು ತಿಂಗಳುಗಟ್ಟಲೆ ನುಂಗಿದರೆ ಥೇಟ್ ಪಾರ್ಕಿನ್ಸನ್ನೇ ಬಂದಂತೆ ಆಗುತ್ತದೆ. ನಮ್ಮ ಚಿಕ್ಕಮ್ಮ ಹೊಟ್ಟೆಯುಬ್ಬರಕ್ಕೆಂದು ಒಂದೂವರೆ ವರ್ಷ ಮೆಡಿಕಲ್ ಸ್ಟೋರಿನಿಂದ ಹಳೇ ಚೀಟಿ ತೋರಿಸಿ ತಂದು ನುಂಗಿದ್ದರು. ಮಾತ್ರೆ ನಿಲ್ಲಿಸಿದ ನಾಲ್ಕು ತಿಂಗಳಿಗೆ ಮತ್ತೆ ಹೂ ಕಟ್ಟತೊಡಗಿದರು. ಕ್ಲಿನಿಕ್ಕಿಗೆ ಬರುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ ಅಂತ ಆಶಾ ಕಾರ್ಯಕರ್ತೆಯರು ಹೇಳಿದರೆ ಸಾಕು, ಖರ್ಚಿಲ್ಲದೆ ಎಷ್ಟೋ ಜನರ ನಡುಕದ ಕಾರಣ ಅಲ್ಲೇ ಸಿಗುತ್ತದೆ.

ಇನ್ನು ಹುಡುಗರ ವಿಷಯ. ಹದಿನೈದು ಇಪ್ಪತ್ತರ ವಯಸ್ಸಿನಲ್ಲಿ ಕೈ ನಡುಗುತ್ತಿದೆ, ಮಾತು ತೊದಲುತ್ತಿದೆ, ಓದು ಹಿಂದೆ ಬಿದ್ದಿದೆ ಅಂದರೆ ವಿಲ್ಸನ್ ಕಾಯಿಲೆಯನ್ನು ನೆನೆಯಲೇಬೇಕು. ದೇಹದಲ್ಲಿ ತಾಮ್ರ ಸೇರಿಕೊಂಡು ಬರುವ ಕಾಯಿಲೆ ಅದು. ನಿಮ್ಹಾನ್ಸ್ ವೈದ್ಯರು ಮೂರು ದಶಕಗಳಲ್ಲಿ ಕಂಡ ಅಂಥ 282 ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದ್ದಾರೆ. ಇದಕ್ಕೆ ರಕ್ತಪರೀಕ್ಷೆ ಎಂದಿನಿಂದಲೋ ಇದೆ, ರಕ್ತದಲ್ಲಿ ತಾಮ್ರ ಹೊರುವ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನನ್ನು ಅಳೆಯುವುದು. ಅದರ ಜೊತೆ 24 ಗಂಟೆಯ ಮೂತ್ರದಲ್ಲಿ ತಾಮ್ರ, ಕಣ್ಣಿನ ಕಪ್ಪುಗುಡ್ಡೆಯ ಅಂಚಿನ ಕಂದು ಉಂಗುರ ನೋಡಿದರೆ ಬಹುಪಾಲು ತಿಳಿಯುತ್ತದೆ. ಔಷಧಿಯೂ ಇದೆ, ಬೇಗ ಕೊಟ್ಟರೆ ಬದುಕು ಉಳಿಯುತ್ತದೆ. ನನ್ನ 33 ವರ್ಷಗಳಲ್ಲಿ ನಮ್ಮ ಲ್ಯಾಬಿನಲ್ಲಿ ಈ ಪರೀಕ್ಷೆ ಒಂದು ದಿನವೂ ಇರಲಿಲ್ಲ. ಹೊರಗೆ ಬರೆದುಕೊಟ್ಟರೆ ದುಡ್ಡಿಲ್ಲದವರು ಮಾಡಿಸುತ್ತಿರಲಿಲ್ಲ, ದೃಷ್ಟಿ ತೆಗೆಸಲು ಹೋಗುತ್ತಿದ್ದರು. ನಾಳೆಯ ಪರೀಕ್ಷೆಗಳ ಬಗ್ಗೆ ಇಷ್ಟುದ್ದ ಬರೆದಿದ್ದೇನೆ, ನಿನ್ನೆಯ ಈ ಒಂದು ಪರೀಕ್ಷೆಯನ್ನು ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ಉಚಿತವಾಗಿ ಮಾಡಿಸಿ.

ಕೊನೆಯದಾಗಿ, ಹೇಳಲು ಕಷ್ಟವಾದದ್ದು. ಅಪ್ಪನ ಕಾಯಿಲೆಯ ಹೆಸರಿನ ಮುಂದೆ "ಇರಬಹುದು" ಅನ್ನುವ ಮಾತು ಕೊನೆಯವರೆಗೂ ಹೋಗಲಿಲ್ಲ. ಅದನ್ನು ತೆಗೆದುಹಾಕಲು ಇದ್ದ ದಾರಿ ಒಂದೇ, ಮೆದುಳು ದಾನ. ಎಲ್ಲ ರಕ್ತಪರೀಕ್ಷೆಗಳನ್ನೂ ಕೊನೆಗೆ ತಾಳೆ ನೋಡುವುದು ಅಲ್ಲಿಯೇ, 1992ರಲ್ಲಿ ಲಂಡನ್ನಿನವರು ಮಾಡಿದ ಹಾಗೆ. ನಿಮ್ಹಾನ್ಸ್‌ನ ಬ್ಯಾಂಕಿನ ವಿಷಯ ನನಗೆ ತಿಳಿದದ್ದು ಅಪ್ಪ ಹೋಗಿ ಒಂದು ವರ್ಷದ ಮೇಲೆ. ಆಸ್ಪತ್ರೆಯಲ್ಲೇ ಬದುಕು ಕಳೆದ ನನಗೇ ಗೊತ್ತಿರಲಿಲ್ಲ, ನಮ್ಮನ್ನು ಯಾರೂ ಕೇಳಲೂ ಇಲ್ಲ. ಸಾವಿನ ಮನೆಯಲ್ಲಿ ಕೇಳುವ ಮಾತಲ್ಲ ಅಂತ ಹಿಂಜರಿಯುತ್ತಾರೆ. ಬದುಕಿರುವಾಗಲೇ, ಕ್ಲಿನಿಕ್ಕಿನಲ್ಲಿ, ರೋಗಿಯನ್ನೇ ಕೂರಿಸಿಕೊಂಡು ಕೇಳಬಹುದಲ್ಲ? ಹಾಲಿನ ಒಂದೊಂದು ಡಿಗ್ರಿಗೂ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ ಮನುಷ್ಯ ನಮ್ಮಪ್ಪ, ಕೇಳಿದ್ದರೆ ಹೂಂ ಅನ್ನುತ್ತಿದ್ದರು.

ನನ್ನ ಮಕ್ಕಳಿಗೆ ನನ್ನ ವಿಷಯದಲ್ಲಿ ಹೇಳಿಟ್ಟಿದ್ದೇನೆ, ಕಾಗದವೂ ಬರೆದಿಟ್ಟಿದ್ದೇನೆ. ಅದಕ್ಕೂ ಮೊದಲು ಬೇರೆ ಕೆಲಸಕ್ಕೆ ಬರಬಲ್ಲೆ. ಇಂಥ ಅಧ್ಯಯನಗಳಿಗೆ ರೋಗಿಗಳಷ್ಟೇ ಕಾಯಿಲೆ ಇಲ್ಲದವರ ರಕ್ತವೂ ಬೇಕು, ಅವರಿಲ್ಲದೆ ಗೆರೆ ಎಳೆಯಲಾಗುವುದಿಲ್ಲ. ನನಗೆ ಈಗ 62. ನಡುಕವಿಲ್ಲ, ಸಕ್ಕರೆ ಇಲ್ಲ, ಕ್ರಿಯಾಟಿನಿನ್ 0.8, ಮಲ್ಲಿಗೆಯ ವಾಸನೆ ಚೆನ್ನಾಗಿ ತಿಳಿಯುತ್ತದೆ. ನನ್ನ ಅಣ್ಣನೂ ಇಬ್ಬರು ತಂಗಿಯರೂ ಬರಲು ಒಪ್ಪಿದ್ದಾರೆ. ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ನೀವು ಮೇಜು ಹಾಕಿದ ದಿನ ಬೆಳಗಿನ ಬಸ್ಸಿಗೆ ನಾಲ್ವರೂ ಬರುತ್ತೇವೆ. ನನ್ನ ಎಡಗೈಯ ನರ ಸುಲಭವಾಗಿ ಸಿಗುತ್ತದೆ, 21ರ ಸೂಜಿ ಸಾಕು.

ಇಂತಿ,
ನಿವೃತ್ತ ಲ್ಯಾಬ್ ಟೆಕ್ನಿಷಿಯನ್,
ತಿಪಟೂರು ತಾಲ್ಲೂಕು